ಮೈಸೂರಿನ ಎಂಜಿನ್ನಿನ ಚಕ್ರ ತಿರುಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಒಂದು ಹೆಸರಾಂತ ಸ್ಟೀಮ್ ಎಂಜಿನ್ ತರಿಸಬೇಕು ಎಂಬ ಮಾತು ನಮ್ಮ ಊರಿನ ರೈಲು ಪ್ರೇಮಿಗಳ ಬಾಯಲ್ಲಿ ಆಗಾಗ ಕೇಳುತ್ತೇನೆ. ಉತ್ತರದಲ್ಲಿ ಫೇರಿ ಕ್ವೀನ್ ಇದೆ, ಹರಿಯಾಣದ ರೇವಾರಿ ಎಂಜಿನ್ ಶೆಡ್‌ನಲ್ಲಿ ಅಕ್ಬರ್ ಇದೆ, ಆಜಾದ್ ಇದೆ, ನಮ್ಮಲ್ಲಿ ಏನಿದೆ ಅಂತ ಕಾಲೇಜು ಹುಡುಗರು ಕೇಳುತ್ತಾರೆ. ನಾನು ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದ ಕಾಲಕ್ಕೆ ಮೀಟರ್ ಗೇಜ್, ಅಂದರೆ ಒಂದು ಮೀಟರ್ ಅಗಲದ ಹಳಿಯ ಸ್ಟೀಮ್ ಎಂಜಿನ್‌ಗಳು ಇನ್ನೂ ಓಡುತ್ತಿದ್ದವು. ಪ್ಯಾಸೆಂಜರ್ ಗಾಡಿ ಎಳೆಯುವ ವೈಪಿ, ಗೂಡ್ಸ್ ಎಳೆಯುವ ವೈಜಿ ಎಂಜಿನ್‌ಗಳ ರಾಡು, ಬೇರಿಂಗು, ವಾಲ್ವು ಬಿಚ್ಚಿ ಕಟ್ಟಿಯೇ ಕೆಲಸ ಕಲಿತೆ. ಆ ಹುಡುಗರ ಪ್ರೀತಿ ಕಂಡರೆ ನನಗೆ ತುಂಬಾ ಸಂತೋಷ. ಆದರೆ ಅವರ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಪತ್ರ.

ಮಗಳು, ಅಳಿಯ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾರೆ. ಫೇರಿ ಕ್ವೀನ್ ಎಂಜಿನ್ 1855ರಲ್ಲಿ ತಯಾರಾದದ್ದು ಅದೇ ಊರಿನಲ್ಲಿ, ಕಿಟ್ಸನ್ ಕಾರ್ಖಾನೆಯಲ್ಲಿ. ಅಲ್ಲಿ ಇದ್ದಾಗ ಸಾಧ್ಯವಾದಷ್ಟು ಸ್ಟೀಮ್ ರೈಲು ನೋಡಿದೆ. ಆ ದೇಶದಲ್ಲಿ ಊರಿನವರೇ ಸೇರಿ ನಡೆಸುವ ಹಳೆಯ ರೈಲು ಮಾರ್ಗಗಳು ಬಹಳ ಇವೆ. ವೇಲ್ಸ್‌ನ ತಾಲಿಲಿನ್ ಎಂಬ ಪುಟ್ಟ ರೈಲನ್ನು 1951ರಲ್ಲಿ ಸ್ವಯಂಸೇವಕರು ವಹಿಸಿಕೊಂಡರು. ಜಗತ್ತಿನಲ್ಲೇ ಹಾಗೆ ಉಳಿದುಕೊಂಡ ಮೊದಲ ರೈಲು ಅದು. ಲೀಡ್ಸ್‌ಗೆ ಹತ್ತಿರದ ಕೀತ್ಲಿ ಎಂಬ ಊರಿನಿಂದ ಆಕ್ಸನ್‌ಹೋಪ್‌ವರೆಗೆ ಸುಮಾರು 8 ಕಿಲೋಮೀಟರ್ ಓಡುವ ರೈಲನ್ನೂ 1968ರಿಂದ ಇದೇ ರೀತಿ ನಡೆಸುತ್ತಿದ್ದಾರೆ. ವಾರವೆಲ್ಲ ಬೇರೆ ಕೆಲಸ ಮಾಡಿ, ಶನಿವಾರ ಬೆಳಿಗ್ಗೆ ನೀಲಿ ಬಟ್ಟೆ ಹಾಕಿಕೊಂಡು ಬೂದಿ ತೆಗೆಯುವವರು ಅವರು. ಮೊದಲು ಕ್ಲೀನರ್, ಆಮೇಲೆ ಫೈರ್‌ಮನ್, ವರ್ಷಗಟ್ಟಲೆ ದುಡಿದ ಮೇಲೆ ಡ್ರೈವರ್. ನಮ್ಮ ಲೋಕೊ ಶೆಡ್‌ನಲ್ಲೂ ಇದೇ ಮೆಟ್ಟಿಲು ಇತ್ತು.

ಅಲ್ಲಿಯ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತರೆ ಸಾಕು, ಯಾರಾದರೊಬ್ಬರು ಮಾತಿಗೆ ಸಿಗುತ್ತಾರೆ. ಮಾತು ಬೇಗನೆ ಫ್ಲೈಯಿಂಗ್ ಸ್ಕಾಟ್ಸ್‌ಮನ್‌ಗೆ ಬಂದು ನಿಲ್ಲುತ್ತದೆ. ನೈಜೆಲ್ ಗ್ರೆಸ್ಲಿ ವಿನ್ಯಾಸ ಮಾಡಿದ ಈ ಎಂಜಿನ್ 1923ರಲ್ಲಿ ಡಾನ್‌ಕಾಸ್ಟರ್‌ನಲ್ಲಿ ತಯಾರಾಯಿತು. ಮರುವರ್ಷ ಲಂಡನ್ನಿನ ವೆಂಬ್ಲಿಯ ದೊಡ್ಡ ವಸ್ತುಪ್ರದರ್ಶನದಲ್ಲಿ ಅದನ್ನು ನಿಲ್ಲಿಸಿದರು. ಹೆಸರಿಟ್ಟದ್ದೂ ಆಗಲೇ. 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿತು. 1963ರಲ್ಲಿ ಗುಜರಿಗೆ ಹೋಗಬೇಕಿದ್ದದ್ದನ್ನು ಆಲನ್ ಪೆಗ್ಲರ್ ಎಂಬ ಉದ್ಯಮಿ ಕೊಂಡು ಉಳಿಸಿದರು. ಅಮೆರಿಕಕ್ಕೆ ಕರೆದುಕೊಂಡು ಹೋಗಿ ದಿವಾಳಿಯೂ ಆದರು. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಎಲ್ಲೂ ನಿಲ್ಲದೆ 679 ಕಿಲೋಮೀಟರ್ ಓಡಿತು. 2004ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ 23 ಲಕ್ಷ ಪೌಂಡ್ ಕೊಟ್ಟು ಕೊಂಡಿತು. 2016ರಲ್ಲಿ ಮತ್ತೆ ಹಳಿಗೆ ಬರುವ ಹೊತ್ತಿಗೆ ರಿಪೇರಿಗೇ 42 ಲಕ್ಷ ಪೌಂಡ್ ಆಗಿತ್ತು.

ಆ ಬೆಂಚಿನ ಮೇಲೆ ಒಬ್ಬ ಹಿರಿಯರು ಕಾರವಾಗಿಯೇ ಮಾತಾಡಿದರು. ಅದರ ಬಾಯ್ಲರನ್ನು ಎಷ್ಟೋ ಸಲ ಬದಲಾಯಿಸಿದ್ದಾರೆ, ಮೊದಲಿನ ಲೋಹ ಎಷ್ಟು ಉಳಿದಿದೆ ಹೇಳಿ ಅಂತ ಕೇಳಿದರು. ಅದು ಬಂದರೆ ಜನ ಹಳಿ ಮೇಲೆ ನಿಂತು ಫೋಟೊ ತೆಗೆಯುತ್ತಾರೆ, ಬೇರೆ ರೈಲುಗಳನ್ನು ನಿಲ್ಲಿಸಬೇಕಾಗುತ್ತದೆ, ಅದು ಹೋದ ಮರುದಿನ ನಮ್ಮ ಚಿಕ್ಕ ಎಂಜಿನ್ ನೋಡಲು ಯಾರೂ ಬರುವುದಿಲ್ಲ ಅಂತ ಬೇಸರ ಮಾಡಿಕೊಂಡರು. ಪಕ್ಕದಲ್ಲಿದ್ದ ಹೆಂಗಸು ಒಪ್ಪಲಿಲ್ಲ. ನನ್ನ ಮಗನಿಗೆ ರೈಲಿನ ಹುಚ್ಚು ಹಿಡಿಸಿದ್ದೇ ಆ ಎಂಜಿನ್, ಈಗ ಅವನು ಇದೇ ಶೆಡ್‌ನಲ್ಲಿ ಕಲ್ಲಿದ್ದಲು ಎತ್ತುತ್ತಾನೆ ಅಂದರು. ಇಬ್ಬರ ಮಾತೂ ನಿಜವೇ. ಆದರೆ ಒಂದು ವಿಷಯ ಗಮನಿಸಿ. ಆ ಹುಡುಗ ಉಳಿದುಕೊಂಡದ್ದು ಕೈಗೆ ಸಿಗುವ ಕೆಲಸ ಅಲ್ಲಿ ಇದ್ದದ್ದರಿಂದ. ಸುಮ್ನೆ ನೋಡಿಕೊಂಡು ಹೋಗುವ ಎಂಜಿನ್ ಮಾತ್ರ ಇದ್ದಿದ್ದರೆ ಅವನು ಮುಂದಿನ ವರ್ಷ ಕ್ರಿಕೆಟ್ಟಿಗೆ ಹೋಗುತ್ತಿದ್ದ.

ಇದು ನನಗೆ ಚೆನ್ನಾಗಿ ಮನಸ್ಸಿಗೆ ನಾಟಿದ್ದು ಯಾರ್ಕ್ ಊರಿನಲ್ಲಿರುವ ಅದೇ ರಾಷ್ಟ್ರೀಯ ಮ್ಯೂಸಿಯಮ್ಮಿನಲ್ಲಿ. ಅಲ್ಲಿ ಮ್ಯಾಲರ್ಡ್ ಇದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಅಂದರೆ 203 ಕಿಲೋಮೀಟರ್ ವೇಗ ಮುಟ್ಟಿದ ಎಂಜಿನ್. ಸ್ಟೀಮ್ ಎಂಜಿನ್‌ಗಳಲ್ಲಿ ಆ ದಾಖಲೆಯನ್ನು ಇವತ್ತಿಗೂ ಯಾವುದೂ ಮುರಿದಿಲ್ಲ. ಓಡಿದ್ದು ಇಳಿಜಾರಿನಲ್ಲಿ, ಕೊನೆಗೆ ನಡುವಿನ ಸಿಲಿಂಡರಿನ ಬಿಗ್ ಎಂಡ್, ಅಂದರೆ ರಾಡಿನ ದೊಡ್ಡ ತುದಿಯ ಬೇರಿಂಗ್ ಕಾದು ಕೆಟ್ಟಿತ್ತು. ಫಿಟ್ಟರ್ ಆಗಿದ್ದವನಿಗೆ ದಾಖಲೆಗಿಂತ ಆ ಬೇರಿಂಗಿನ ಕಥೆಯೇ ಹೆಚ್ಚು ಹತ್ತಿರ. ಬಣ್ಣ ನೀಲಿ, ನೋಡಲು ಬಲು ಚಂದ. ಮೊಮ್ಮಗಳು ಅದರ ಮುಂದೆ ಒಂದು ಫೋಟೊ ತೆಗೆಸಿಕೊಂಡು ಮುಂದೆ ನಡೆದಳು.

ಅವಳು ನಿಂತದ್ದು ಎಲರ್‌ಮನ್ ಲೈನ್ಸ್ ಎಂಬ ಹಸಿರು ಎಂಜಿನ್ನಿನ ಹತ್ತಿರ. ಅದಕ್ಕೆ ಯಾವ ದಾಖಲೆಯೂ ಇಲ್ಲ. ಆದರೆ ಅದರ ಒಂದು ಮಗ್ಗುಲನ್ನು ಉದ್ದಕ್ಕೂ ಕತ್ತರಿಸಿ ತೆರೆದಿಟ್ಟಿದ್ದಾರೆ. ಬೆಂಕಿ ಉರಿಯುವ ಫೈರ್‌ಬಾಕ್ಸ್ ಕಾಣುತ್ತದೆ, ಬಾಯ್ಲರಿನೊಳಗೆ ಕೊಳವೆಗಳ ಸಾಲು ಕಾಣುತ್ತದೆ, ಸಿಲಿಂಡರಿನೊಳಗೆ ಪಿಸ್ಟನ್ ಕಾಣುತ್ತದೆ. ಚಕ್ರಗಳ ಕೆಳಗೆ ರೋಲರ್ ಇಟ್ಟು ಮೋಟರಿನಿಂದ ತಿರುಗಿಸುತ್ತಾರೆ. ಬೆಂಕಿ ಇಲ್ಲ, ಹಬೆ ಇಲ್ಲ. ಆದರೂ ಪಿಸ್ಟನ್ ಹಿಂದೆ ಮುಂದೆ ಹೋಗುವುದು, ರಾಡ್ ಅದನ್ನು ಚಕ್ರಕ್ಕೆ ಮುಟ್ಟಿಸುವುದು, ವಾಲ್ವ್ ಬಾಗಿಲು ತೆರೆದು ಮುಚ್ಚುವುದು ಎಲ್ಲ ಕಣ್ಣೆದುರೇ. "ತಾತ, ನೀರು ಎಲ್ಲಿರುತ್ತೆ? ಬೆಂಕಿ ಕೊಳವೆ ಒಳಗೆ ಹೋಗುತ್ತಾ, ನೀರು ಹೋಗುತ್ತಾ?" ಅಂತ ಕೇಳಿದಳು. ಕೊಳವೆಯೊಳಗೆ ಬೆಂಕಿಯ ಬಿಸಿ ಹೋಗುತ್ತದೆ, ಸುತ್ತ ನೀರು ಇರುತ್ತದೆ ಅಂತ ತೋರಿಸಿದೆ. ನಾನು ಏನು ಕೆಲಸ ಮಾಡುತ್ತಿದ್ದೆ ಅಂತ ಅವಳಿಗೆ ಅವತ್ತು ಅರ್ಥವಾಯಿತು. ಅಷ್ಟು ವರ್ಷ ಬಾಯಲ್ಲಿ ಹೇಳಿದ್ದರೂ ಆಗಿರಲಿಲ್ಲ.

ಮೈಸೂರಿಗೆ ಬೇಕಾದದ್ದು ಇದು.

ನಮ್ಮ ಮ್ಯೂಸಿಯಂ 1979ರಲ್ಲಿ ಶುರುವಾಯಿತು, ದೆಹಲಿಯ ಮ್ಯೂಸಿಯಮ್ಮಿನ ನಂತರ. ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರಿಗೆ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರ. 1899ರ ಮಹಾರಾಣಿಯವರ ಸಲೂನ್, ಅಂದರೆ ಖಾಸಗಿ ರೈಲು ಗಾಡಿ ಇದೆ. ಹಳಿ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರಿದೆ. ಇಎಸ್ 506 ಎಂಬ ಎಂಜಿನ್ ಇದೆ, ಮುಂದೆ ನಾಲ್ಕು ಚಿಕ್ಕ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ಇವು ಯಾವುದೂ ಸಿನಿಮಾದಲ್ಲಿ ಮೆರೆದ ಅಕ್ಬರ್‌ನಷ್ಟು ಹೆಸರು ಮಾಡಿಲ್ಲ, ನಿಜ. ಆದರೆ ಮೈಸೂರು, ಮಂಡ್ಯದ ಕಡೆಗೆ ರೈಲು ಬಂದದ್ದೇ ಮೀಟರ್ ಗೇಜಿನಲ್ಲಿ. 1876ರಿಂದ 78ರವರೆಗಿನ ಭೀಕರ ಬರದ ಹಿನ್ನೆಲೆಯಲ್ಲಿ, ಹಸಿದ ಜನರಿಗೆ ಕೂಲಿ ಸಿಗಲಿ ಅಂತ ಶುರುವಾದ ಕೆಲಸ ಅದು. 1882ರಲ್ಲಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ದಾಟಿ ಹಳಿ ಮೈಸೂರು ಮುಟ್ಟಿತು. ನೂರಕ್ಕೂ ಹೆಚ್ಚು ವರ್ಷ ಈ ಜಿಲ್ಲೆಗಳ ಬೆಲ್ಲ, ಭತ್ತ, ಮದುವೆ ದಿಬ್ಬಣ, ಪರೀಕ್ಷೆ ಬರೆಯಲು ಹೊರಟ ಮಕ್ಕಳು ಎಲ್ಲ ಆ ಮೀಟರ್ ಗೇಜ್ ಗಾಡಿಯಲ್ಲೇ ಓಡಾಡಿದ್ದು. 1990ರ ದಶಕದಲ್ಲಿ ಇನ್ನೂ ಅಗಲದ ಬ್ರಾಡ್ ಗೇಜ್ ಬಂತು, ಆ ಹಳಿ ಹೋಯಿತು. ಹೊರಗಿನಿಂದ ದೊಡ್ಡ ಹೆಸರಿನ ಒಂದು ಎಂಜಿನ್ ತಂದು ನಿಲ್ಲಿಸಿದರೆ ಈ ಕಥೆಯಲ್ಲಿ ಅದಕ್ಕೆ ಜಾಗವೇ ಇಲ್ಲ, ಅಲ್ವಾ?

ಹಾಗಾದರೆ ಇಲ್ಲಿಯ ಎಂಜಿನ್ನಿಗೇ ಬೆಂಕಿ ಹಾಕಿ ಓಡಿಸಿ ಅಂತ ಕೆಲವರು ಹೇಳುತ್ತಾರೆ. ಅದು ಸುಲಭವಲ್ಲ. ವೈಪಿ ಎಂಜಿನ್ನಿನ ಬಾಯ್ಲರ್ ಒತ್ತಡ ಚದರ ಇಂಚಿಗೆ 210 ಪೌಂಡ್. ದಶಕಗಳ ಕಾಲ ಮಳೆ ಬಿಸಿಲಿಗೆ ನಿಂತ ಬಾಯ್ಲರಿಗೆ ಅಂಥ ಒತ್ತಡ ಕೊಡಬೇಕಾದರೆ ಕೊಳವೆ ಎಲ್ಲ ಹೊಸದಾಗಿ ಹಾಕಬೇಕು. ಫೈರ್‌ಬಾಕ್ಸಿನ ಗೋಡೆಗಳನ್ನು ಹಿಡಿದಿಡುವ ಒಂದೊಂದು ಸ್ಟೇ ಬೋಲ್ಟನ್ನೂ ಬಡಿದು ನೋಡಬೇಕು, ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಬೇಕು. ಇದರಲ್ಲಿ ಅವಸರ ಮಾಡಿದರೆ ಪ್ರಾಣ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಹೊರಗೆ ಓಡಿಸಲು ಮೀಟರ್ ಗೇಜ್ ಹಳಿ ಇಲ್ಲ.

ಬೆಂಕಿಯ ರೈಲು ಬೇಕೆನ್ನುವವರಿಗೆ ನೀಲಗಿರಿ ಹತ್ತಿರದಲ್ಲೇ ಇದೆ. ಆದರೆ ಮೈಸೂರಿನಿಂದ ಗುಡಲೂರು ದಾರಿಯಲ್ಲಿ ಊಟಿಗೆ ಹೋಗಿ, ಅಲ್ಲಿಂದ ಕೂನೂರಿಗೆ ಹೋಗಿಬಂದು ಸ್ಟೀಮ್ ರೈಲು ಹತ್ತಿದೆವು ಅಂದುಕೊಳ್ಳುವವರೇ ಜಾಸ್ತಿ. ಆ ದಾರಿಯಲ್ಲಿ ಸಾಮಾನ್ಯವಾಗಿ ಇರುವುದು ಡೀಸೆಲ್. ಸ್ಟೀಮ್ ನೋಡಬೇಕಾದರೆ ಕೆಳಗೆ ಮೆಟ್ಟುಪಾಳ್ಯಕ್ಕೆ ಇಳಿಯಬೇಕು. ಅಲ್ಲಿಂದ ಕೂನೂರಿಗೆ ಎಕ್ಸ್ ಕ್ಲಾಸ್ ಎಂಜಿನ್ ಗಾಡಿಯನ್ನು ಹಿಂದಿನಿಂದ ತಳ್ಳುತ್ತದೆ. ಹನ್ನೆರಡೂವರೆ ಅಡಿಗೆ ಒಂದು ಅಡಿ ಏರುವ ಜಾಗಗಳಿವೆ. ನಾಲ್ಕು ಸಿಲಿಂಡರ್, ಎರಡು ಮಾಮೂಲಿ ಚಕ್ರಕ್ಕೆ, ಎರಡು ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಏರುವ ಹಲ್ಲುಚಕ್ರಕ್ಕೆ. ಮೊದಲು ಅವು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ ಬಂದವು. 2011ರಿಂದ ಈಚೆಗೆ ಹೊಸವನ್ನು ತಿರುಚ್ಚಿಯ ಪೊನ್ಮಲೈ ವರ್ಕ್‌ಶಾಪಿನಲ್ಲೇ ಕಟ್ಟಿದ್ದಾರೆ. ನಮ್ಮ ದೇಶದ ಕೆಲಸಗಾರರು ಇಡೀ ಎಂಜಿನ್ನನ್ನೇ ಕಟ್ಟುತ್ತಿರುವಾಗ ಮೈಸೂರಿನಲ್ಲಿ ಚಕ್ರ ತಿರುಗಿಸುವುದು ಆಗದ ಕೆಲಸವೇ?

ನಾನು ಕೇಳುವುದು ಇಷ್ಟೇ. ಮ್ಯೂಸಿಯಮ್ಮಿನ ಒಂದು ಮೀಟರ್ ಗೇಜ್ ಎಂಜಿನ್ ಆರಿಸಿ. ಅದನ್ನು ಜಾಕಿಯಲ್ಲಿ ಸ್ವಲ್ಪ ಎತ್ತಿ, ದೊಡ್ಡ ಚಕ್ರಗಳ ಕೆಳಗೆ ರೋಲರ್ ಇಡಿ. ಸಿಲಿಂಡರಿನಲ್ಲಿ ಹಿಡಿದುಕೊಂಡ ತುಕ್ಕು ಬಿಡಿಸಿ, ಪಿಸ್ಟನ್ ರಿಂಗ್, ವಾಲ್ವ್, ರಾಡಿನ ಬೇರಿಂಗು ಎಲ್ಲ ಬಿಚ್ಚಿ ಎಣ್ಣೆ ಕಾಣಿಸಿ. ನಿಧಾನವಾಗಿ ತಿರುಗಿಸಲು ಮೋಟರ್ ಸಾಕು. ಕಂಪ್ರೆಸರ್ ಗಾಳಿಯನ್ನು ಸಿಲಿಂಡರಿಗೆ ಬಿಟ್ಟರೆ ಇನ್ನೂ ಒಳ್ಳೆಯದು, ಬೇರೆ ದೇಶಗಳಲ್ಲಿ ಹಳೆಯ ಎಂಜಿನ್‌ಗಳನ್ನು ಹೀಗೆ ನಡೆಸುತ್ತಾರೆ. ಗಾಳಿಯಲ್ಲಿ ತಿರುಗಿದರೆ ಹೊಗೆಕೊಳವೆಯಿಂದ ಉಸಿರು ಕೇಳುತ್ತದೆ. ಎರಡು ಸಿಲಿಂಡರಿನ ಎಂಜಿನ್ನಿಗೆ ಚಕ್ರದ ಒಂದು ಸುತ್ತಿಗೆ ನಾಲ್ಕು ಉಸಿರು. ನಾಲ್ಕೂ ಸಮ ಇರಬೇಕು. ಒಂದು ಕುಂಟಿದರೆ ವಾಲ್ವ್ ಸೆಟ್ಟಿಂಗ್ ತಪ್ಪಿದೆ ಅಂತ ಅರ್ಥ. ಕಣ್ಣು ಮುಚ್ಚಿಕೊಂಡು ಕೇಳಿ ಯಾವ ಕಡೆಯ ವಾಲ್ವ್ ಅಂತ ಹೇಳುವ ಹಿರಿಯರ ಕೆಳಗೆ ನಾನು ಕೆಲಸ ಕಲಿತವನು. ಬೆಂಕಿ ಇಲ್ಲದ್ದು ಎಂಜಿನ್ನೇ ಅಲ್ಲ ಅಂತ ವಾದ ಮಾಡುವ ಪ್ರೇಮಿಗಳಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಆರನೇ ಕ್ಲಾಸಿನ ಮಗುವಿಗೆ ರಾಡು ಆಡುವುದು ಕಂಡರೆ ಅದೇ ದೊಡ್ಡದು.

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಬೇಕು. ಹಳೆಯ ಎಂಜಿನ್‌ಗಳ ಬಾಯ್ಲರ್ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಅದರ ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ನಾವೆಲ್ಲ ಆ ಕಾಲದಲ್ಲಿ ಬರಿಗೈಯಲ್ಲಿ ಕೀಳುತ್ತಿದ್ದೆವು, ಈಗ ಯಾರೂ ಹಾಗೆ ಮಾಡಬಾರದು. ತಿಳಿದವರು ಪರೀಕ್ಷೆ ಮಾಡಿದ ಮೇಲೆಯೇ ಹೊದಿಕೆಗೆ ಕೈ ಹಾಕಬೇಕು. ತಿರುಗುವ ರಾಡಿಗೆ ಮಕ್ಕಳ ಕೈ ಎಟುಕದಂತೆ ಬೇಲಿಯೂ ಬೇಕು.

ಇದು ದೊಡ್ಡ ಖರ್ಚಿನ ಕೆಲಸವಲ್ಲ, ರೈಲ್ವೆಯವರಿಂದ ಆಗದ ಕೆಲಸವೂ ಅಲ್ಲ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನಮನೆಯನ್ನು ಒಡೆಯದೆ, ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿ ಇಟ್ಟರು. ನೋಡಲು ಹೋಗಿದ್ದೆ. ಕಟ್ಟಡ ನಡೆದು ಹೋಗುತ್ತದೆ ಅಂದರೆ ಊರವರು ನಂಬಿರಲಿಲ್ಲ, ಕಣ್ಣಾರೆ ಕಂಡ ಮೇಲೆ ನಂಬಿದರು. ರೈಲ್ವೆಯವರು ಮನಸ್ಸು ಮಾಡಿದರೆ ಎಂಥ ಕೆಲಸ ಮಾಡುತ್ತಾರೆ ಎಂಬುದಕ್ಕೆ ಮೈಸೂರು, ಮಂಡ್ಯದವರಿಗೆ ಬೇರೆ ಸಾಕ್ಷಿ ಬೇಡ.

ಕಾಯಲು ಮಾತ್ರ ಜಾಸ್ತಿ ಸಮಯ ಇಲ್ಲ. ಮೈಸೂರಿನ ಕಡೆ ಸ್ಟೀಮ್ ಎಂಜಿನ್ನಿನ ವಾಲ್ವ್ ಕೈಯಾರೆ ಸೆಟ್ ಮಾಡಿದವರಲ್ಲಿ ನನ್ನಂಥವರೇ ಕಿರಿಯರು, ನಮಗೂ ವಯಸ್ಸಾಯಿತು. ಇಂಜಿನಿಯರಿಂಗ್ ಕಾಲೇಜು ಮತ್ತು ಐಟಿಐ ಮಕ್ಕಳನ್ನು ನಮ್ಮ ಜೊತೆ ಬಿಟ್ಟರೆ, ಬಿಚ್ಚುವಾಗಲೇ ಅವರಿಗೆ ಹೇಳಿಕೊಡಬಹುದು. ಹೆಸರಾಂತ ಎಂಜಿನ್ ಬೇಕೆನ್ನುವ ಆ ಕಾಲೇಜು ಹುಡುಗರೇ ಮೊದಲು ಬರಲಿ. ರೈಲ್ವೆ ಅಧಿಕಾರಿಗಳು ಒಪ್ಪಿದರೆ ಭಾನುವಾರಗಳಲ್ಲಿ ಕೂಲಿ ಇಲ್ಲದೆ ಕೆಲಸ ಮಾಡಲು ನಾನು ಸಿದ್ಧ. ಶೆಡ್‌ನಲ್ಲಿ, ವರ್ಕ್‌ಶಾಪಿನಲ್ಲಿ ದುಡಿದ ನನ್ನ ಜೊತೆಗಾರರು, ಅವರ ಮನೆಯವರು ಈ ಪತ್ರ ಓದಿದರೆ ದಯವಿಟ್ಟು ಇದೇ ಪತ್ರಿಕೆಗೆ ಬರೆಯಿರಿ. ಮನೆಯಲ್ಲಿ ಹಳೆಯ ಸ್ಪ್ಯಾನರ್, ಗೇಜ್, ಡ್ರಾಯಿಂಗ್ ಇದ್ದರೆ ಗುಜರಿಗೆ ಹಾಕಬೇಡಿ, ಈ ಕೆಲಸಕ್ಕೆ ಬೇಕಾಗುತ್ತವೆ.

ಇತಿ,
ಒಬ್ಬ ನಿವೃತ್ತ ರೈಲ್ವೆ ಫಿಟ್ಟರ್,
ಯಾದವಗಿರಿ, ಮೈಸೂರು