ಇಬ್ಬರಿಗೂ ಬೇಕಾದ ಮಾತ್ರೆ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಿಳಿ ಸೆರಗೆಂದು ಮುಲಾಮು ತಂದು ಹಚ್ಚಿದರೂ ಇಳಿಯಲಿಲ್ಲ ಎಂದು ಬರೆದಿದ್ದೀಯ. ಆ ಮುಲಾಮು ಶಿಲೀಂಧ್ರಕ್ಕೆ. ಅದರ ಸೋಂಕಿದ್ದರೆ ಸ್ರಾವ ಒಡೆದ ಹಾಲಿನಂತೆ ಗಟ್ಟಿಯಾಗಿರುತ್ತದೆ, ವಾಸನೆ ಅಷ್ಟಾಗಿ ಇರುವುದಿಲ್ಲ. ನೀನು ಹೇಳುವ ಹಳದಿ-ಹಸಿರು ನೊರೆ, ನಾತ, ಉರಿಮೂತ್ರ ನೋಡಿದರೆ ಟ್ರೈಕೊಮೊನಿಯಾಸಿಸ್ ಎಂಬ, ಗಂಡ-ಹೆಂಡತಿ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಹರಡುವ ಸೋಂಕು ಇರಬಹುದು. ಆದರೆ ಲಕ್ಷಣ ನೋಡಿ ತೀರ್ಮಾನಿಸುವ ಕಾಯಿಲೆಯಲ್ಲ ಇದು, ಪರೀಕ್ಷೆ ಆಗಲೇಬೇಕು.

ಇದನ್ನು ತರುವುದು ಒಂದೇ ಜೀವಕೋಶದ ಪರಾವಲಂಬಿ. ಬಾಲದಂಥ ಎಳೆಗಳನ್ನು ಬೀಸುತ್ತಾ ಈಜುತ್ತದೆ. ಸ್ರಾವದ ಹನಿಯನ್ನು ಗಾಜಿನ ಮೇಲಿಟ್ಟು ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ತುಯ್ದಾಡುವುದು ಕಾಣುತ್ತದೆ. ತಡವಾದರೆ ಅಲುಗಾಟ ನಿಲ್ಲುತ್ತದೆ, ಬಿಳಿ ರಕ್ತಕಣಗಳ ನಡುವೆ ಗುರುತೇ ಸಿಗುವುದಿಲ್ಲ. ಸೋಂಕಿದ್ದರೂ ಈ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬರುವುದು ಅಪರೂಪವಲ್ಲ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ (NAAT) ಪರೀಕ್ಷೆ ಸಿಗುವಂತಿದ್ದರೆ ಅದನ್ನೇ ಕೇಳು.

ಮದ್ದು ಮೆಟ್ರೊನಿಡಜೋಲ್. ಹೆಂಗಸರಿಗೆ ಸಾಮಾನ್ಯವಾಗಿ 500 ಮಿ.ಗ್ರಾಂ. ದಿನಕ್ಕೆರಡು ಬಾರಿ, 7 ದಿನ. ಗಂಡಸರಿಗೆ 2 ಗ್ರಾಂ ಒಂದೇ ಸಲ. ಡಾಕ್ಟರು ಬರೆದುಕೊಟ್ಟ ಮೇಲೆ ತೆಗೆದುಕೋ. ಬಾಯಿ ಲೋಹ ನೆಕ್ಕಿದ ಹಾಗಾಗುತ್ತದೆ, ವಾಕರಿಕೆಯೂ ಬರಬಹುದು; ಅದಕ್ಕೆಂದು ನಡುವೆ ನಿಲ್ಲಿಸಬೇಡ. ಅದೇ ಔಷಧದ ಜೆಲ್ ಸಾಲದು, ಮೂತ್ರನಾಳದೊಳಗೆ ಅಡಗಿದ್ದನ್ನು ಅದು ಮುಟ್ಟುವುದಿಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದೆ. ನಿನಗೆ ಸೋಂಕಿದೆ ಎಂದಾದರೆ ನಿನ್ನ ಗಂಡನಿಗೂ ಚಿಕಿತ್ಸೆ ಆಗಬೇಕು. 'ನನಗೇನೂ ಇಲ್ಲ' ಎನ್ನುತ್ತಾನೆ. ನಿಜ, ಗಂಡಸರಿಗೆ ಬಹುಪಾಲು ಏನೂ ಗೊತ್ತಾಗುವುದಿಲ್ಲ. ಆದರೂ ನೀನು ವಾಸಿಯಾದ ವಾರಕ್ಕೇ ಅವನಿಂದ ಮತ್ತೆ ಅಂಟಬಹುದು, ಮದ್ದು ಕೆಲಸ ಮಾಡಲಿಲ್ಲ ಎಂದುಕೊಳ್ಳುತ್ತೀಯ. ಇಬ್ಬರ ಚಿಕಿತ್ಸೆ ಮುಗಿದು, ಲಕ್ಷಣವೆಲ್ಲ ಹೋಗುವವರೆಗೆ ಕೂಡಬೇಡಿ. ಮೂರು ತಿಂಗಳೊಳಗೆ ನೀನು ಮತ್ತೊಮ್ಮೆ ಪರೀಕ್ಷೆ ಮಾಡಿಸು.

ಯಾರಿಂದ ಯಾರಿಗೆ ಬಂತೆಂದು ಜಗಳಕ್ಕೆ ಇಳಿಯಬೇಡ. ಲಕ್ಷಣವಿಲ್ಲದೆ ಇದು ತಿಂಗಳುಗಟ್ಟಲೆ ಉಳಿಯುವುದರಿಂದ ಯಾವಾಗ ಬಂತೆಂದು ಪರೀಕ್ಷೆ ಹೇಳಲಾರದು.

ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬೇಡ, ಸೋಂಕು ಬಾರದಂತೆ ಅಲ್ಲಿ ಕಾಪಾಡುವ ಆಮ್ಲವೇ ಹೋಗುತ್ತದೆ. ಮುಂದಕ್ಕೆ ಕಾಂಡೋಮ್ ಬಳಸಿದರೆ ಅಪಾಯ ಬಹಳ ಇಳಿಯುತ್ತದೆ, ಪೂರ್ತಿ ತಪ್ಪುವುದಿಲ್ಲ. ಈ ಸೋಂಕಿದ್ದಾಗ ಎಚ್‌ಐವಿ ತಗಲುವ ಸಾಧ್ಯತೆ ಹೆಚ್ಚು; ಆ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿಕೋ. ಮುಟ್ಟು ತಪ್ಪಿದ್ದರೆ ಡಾಕ್ಟರಿಗೆ ಮೊದಲೇ ಹೇಳು. ಬಸುರಿನಲ್ಲಿ ಈ ಸೋಂಕಿದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವಿದೆ.

ನಿನ್ನ ದೊಡ್ಡಮ್ಮ