ಪ್ರಾಚೀನ ಆಫ್ರಿಕ ಎಂದರೆ ಈಜಿಪ್ಟ್ ಮಾತ್ರವೇ?

ಮಾನ್ಯರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಬಂದ ಪ್ರಾಚೀನ ನಾಗರಿಕತೆಗಳ ಲೇಖನವನ್ನು ಮೊಮ್ಮಗಳ ಜೊತೆ ಕೂತು ಓದಿದೆ. ಆಫ್ರಿಕದ ಪಾಲಿಗೆ ಸಿಕ್ಕಿದ್ದು ಪಿರಮಿಡ್ ಒಂದೇ. ಉಳಿದ ಖಂಡವೆಲ್ಲ ಬೇಟೆಯಾಡಿಕೊಂಡಿತ್ತು ಎಂದು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. ಓದಿ ಬೇಸರವಾಯಿತು.

ನಾನು ಕಾಫಿ ಬೆಳೆಗಾರ. ನಮ್ಮ ಅರೇಬಿಕಾ ಇಥಿಯೋಪಿಯದ ಕಾಡಿನ ಗಿಡ, ರೋಬಸ್ಟಾದ ತವರೂ ಆಫ್ರಿಕವೇ. ಕಾಫಿ ಹಾಗಿರಲಿ, ರಾಗಿಯನ್ನು ನೋಡಿ. ಇಥಿಯೋಪಿಯ, ಉಗಾಂಡದ ಎತ್ತರದ ನಾಡಿನ ರೈತರು ಕಾಡು ಹುಲ್ಲನ್ನು ಪಳಗಿಸಿ ರಾಗಿ ಮಾಡಿಕೊಂಡರು. ಪೂರ್ವ ಸುಡಾನಿನ ಜನ ಜೋಳ ಬೆಳೆಯತೊಡಗಿ 5,000 ವರ್ಷವಾಯಿತು. ಅಲ್ಲಿನ ಮಡಕೆ ಚೂರುಗಳಲ್ಲಿ ಅದರ ಅಚ್ಚು ಉಳಿದಿದೆ. ಸಜ್ಜೆ ಪಶ್ಚಿಮ ಆಫ್ರಿಕದ್ದು. ಕಾಳು ಉದುರದ ತೆನೆಯನ್ನೇ ಆರಿಸಿ, ಬೀಜಕ್ಕೆಂದು ಎತ್ತಿಟ್ಟು, ತಲೆಮಾರುಗಟ್ಟಲೆ ಬಿತ್ತಿದ ಫಲ ಇದು. ಇದೇನು ಸಣ್ಣ ಕೆಲಸ ಅಲ್ಲ ಅಲ್ವಾ?

ಬೇಟೆ ಮಾಡುವವರನ್ನು ಹಿಂದುಳಿದವರೆಂದು ತೋರಿಸುವುದೂ ಸರಿಯಲ್ಲ. ಟಾಂಜಾನಿಯದ ಹಾಡ್ಜಾ ಜನರಲ್ಲಿ ಕೆಲವರು ಇಂದಿಗೂ ಬೇಟೆ, ಗೆಡ್ಡೆ, ಜೇನಿನಿಂದ ಬದುಕುತ್ತಾರೆ. ಅವರು ಸಿಳ್ಳೆ ಹಾಕಿದರೆ ಒಂದು ಜಾತಿಯ ಹಕ್ಕಿ ಬಂದು ಜೇನುಗೂಡಿನ ದಾರಿ ತೋರಿಸುತ್ತದೆ. ನಮ್ಮ ಕೊಡಗಿನ ತಿತಿಮತಿ ಕಡೆಯ ಜೇನುಕುರುಬರ ಕಾಡಿನ ತಿಳಿವಳಿಕೆ ಕಂಡವರು ಇಂಥ ಬದುಕನ್ನು ಹಗುರವಾಗಿ ಕಾಣಲಾರರು. ಸಹಾರಾದಲ್ಲಂತೂ, ಅದು ಹುಲ್ಲುಗಾವಲಾಗಿದ್ದ ಕಾಲದಲ್ಲಿ, ಜನ ಬೇಸಾಯಕ್ಕಿಂತ ಮೊದಲೇ ದನ ಸಾಕುತ್ತಿದ್ದರು. ಬೇಟೆ, ಬೇಸಾಯ, ರಾಜ್ಯ ಎಂಬ ಮೆಟ್ಟಿಲು ಎಲ್ಲ ಕಡೆಗೂ ಹೊಂದುವುದಿಲ್ಲ.

ಇನ್ನು ರಾಜ್ಯಗಳು. ಈಗಿನ ಸುಡಾನಿನಲ್ಲಿದ್ದ ಕುಶ್ ದೇಶದ ರಾಜರು ಈಜಿಪ್ಟನ್ನೇ ಆಳಿದ್ದರು. ಇಥಿಯೋಪಿಯ ಕಡೆಯ ಹಳೆಯ ರಾಜ್ಯ ಆಕ್ಸಮ್ ಚಿನ್ನದ ನಾಣ್ಯ ಹೊಡೆಸಿತ್ತು. ಈಗಿನ ಜಿಂಬಾಬ್ವೆ ದೇಶದಲ್ಲಿರುವ ಹಳೆಯ ಕಲ್ಲಿನ ಪಟ್ಟಣ ಗ್ರೇಟ್ ಜಿಂಬಾಬ್ವೆಯಲ್ಲಿ ಗಾರೆಯಿಲ್ಲದೆ ಕಲ್ಲ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆ ಕೆಲವೆಡೆ 11 ಮೀಟರ್ ಎತ್ತರವಿದೆ. ಕರಿಯರು ಇದನ್ನು ಕಟ್ಟಲು ಸಾಧ್ಯವೇ ಇಲ್ಲ, ಮೆಡಿಟರೇನಿಯನ್ ತೀರದ ಫಿನೀಷಿಯನ್ ವ್ಯಾಪಾರಿಗಳೋ ಬೈಬಲಿನ ಶೇಬಾ ರಾಣಿಯೋ ಕಟ್ಟಿರಬೇಕು ಎಂದು ಬಿಳಿಯರು ಬಹಳ ಕಾಲ ಹೇಳಿಕೊಂಡು ಬಂದರು. 1905ರಲ್ಲಿ ಪುರಾತತ್ವಜ್ಞ ರ‍್ಯಾಂಡಲ್ ಮ್ಯಾಕಿವರ್, 1929ರಲ್ಲಿ ಪುರಾತತ್ವಜ್ಞೆ ಗರ್ಟ್ರೂಡ್ ಕ್ಯಾಟನ್ ಥಾಂಪ್ಸನ್ ನೆಲ ಅಗೆದು ನೋಡಿ, ಕಟ್ಟಿದವರು ಆಫ್ರಿಕದವರೇ ಎಂದರು. ಆದರೂ ಅಲ್ಲಿನ ಬಿಳಿಯರ ಸರ್ಕಾರಕ್ಕೆ ಆ ಸತ್ಯ ರುಚಿಸಲಿಲ್ಲ. ಒಂದು ಜನಾಂಗದ ದುಡಿಮೆಯನ್ನು ಹೀಗೆ ಕಿತ್ತುಕೊಂಡಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಆದ್ದರಿಂದ ಮುಂದಿನ ವಾರಗಳಲ್ಲಿ ಕುಶ್, ಆಕ್ಸಮ್, ಪಶ್ಚಿಮ ಆಫ್ರಿಕದ ಮಾಲಿ ಸಾಮ್ರಾಜ್ಯ, ಗ್ರೇಟ್ ಜಿಂಬಾಬ್ವೆಗಳಿಗೆ ಒಂದೊಂದು ಪುಟ ಕೊಡಿ. ಜೊತೆಗೊಂದು ನಕ್ಷೆ ಹಾಕಿ. ಸುಮ್ನೆ ಖಂಡದ ಹೊರಗೆರೆ ಬೇಡ, ನೈಲ್, ನೈಜರ್, ಜಾಂಬೆಜಿ ನದಿಗಳೂ ಇರಲಿ. ರಾಗಿ, ಜೋಳ, ಸಜ್ಜೆ ಹುಟ್ಟಿದ ಜಾಗಗಳನ್ನೂ ಗುರುತು ಮಾಡಿ.

– ಒಬ್ಬ ಕಾಫಿ ಬೆಳೆಗಾರ, ವಿರಾಜಪೇಟೆ ತಾಲ್ಲೂಕು, ಕೊಡಗು