ಮಗಳಿಗೊಂದು ಪತ್ರ: ಮೊದಲು ರಾತ್ರಿ ಊಟ ಶುರು ಮಾಡು

ಪ್ರೀತಿಯ ಪುಟ್ಟಿಗೆ, ಅಮ್ಮನ ಆಶೀರ್ವಾದಗಳು.

ರಾತ್ರಿ ಊಟ ಬಿಟ್ಟು ಬರೀ ಪಪ್ಪಾಯಿ ತಿನ್ನುತ್ತಿದ್ದೇನೆ, ಎರಡು ತಿಂಗಳಲ್ಲಿ ಹತ್ತು ಕೆ.ಜಿ. ಇಳಿಸಬೇಕು ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಇದನ್ನು ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಇಟ್ಟುಕೋ.

ಇವತ್ತಿನಿಂದಲೇ ರಾತ್ರಿ ಊಟ ಶುರು ಮಾಡು. ಮೊದಲ ವಾರದಲ್ಲಿ ಎರಡು ಕೆ.ಜಿ. ಇಳಿಯಿತು ಅಂತ ಖುಷಿಪಟ್ಟೆ. ಅದರಲ್ಲಿ ಬಹುಪಾಲು ನೀರು ಕಣೇ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜೆನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟಾಗ ಮೊದಲು ಕರಗುವುದು ಅದು. ಎರಡು ದಿನ ಅನ್ನ ಸಾರು ಉಂಡರೆ ಆ ತೂಕ ಹಾಗೇ ವಾಪಸ್ ಬರುತ್ತದೆ. ಹಾಗಂತ ಉಪವಾಸ ಮುಂದುವರಿಸಿದರೆ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಎರಡು ಮೂರು ತಿಂಗಳ ಮೇಲೆ ತಲೆಕೂದಲು ಹಿಡಿ ಹಿಡಿಯಾಗಿ ಉದುರಬಹುದು, ಪಿತ್ತಕೋಶದಲ್ಲಿ ಕಲ್ಲಾಗುವ ಸಂಭವವೂ ಹೆಚ್ಚು. ನೀನು ಇಳಿಸಬೇಕಾದದ್ದು ಕೊಬ್ಬು. ಸ್ನಾಯು ಉಳಿಯಲೇಬೇಕು, ಕೆಳಗೆ ಹೇಳುವುದೆಲ್ಲ ಅದಕ್ಕಾಗಿಯೇ.

ಮೊದಲು ಲೆಕ್ಕ ನೋಡು. ನಿನ್ನ ತೂಕ 72 ಕೆ.ಜಿ., ಎತ್ತರ 160 ಸೆಂ.ಮೀ., ವಯಸ್ಸು 29. ತೂಕವನ್ನು 10ರಿಂದಲೂ ಎತ್ತರವನ್ನು 6.25ರಿಂದಲೂ ಗುಣಿಸಿ ಕೂಡು. ವಯಸ್ಸನ್ನು 5ರಿಂದ ಗುಣಿಸಿ ಕಳೆ, ಹೆಂಗಸರಿಗೆ ಇನ್ನೂ 161 ಕಳೆ. 1414 ಕ್ಯಾಲೊರಿ ಬರುತ್ತದೆ. ಸುಮ್ಮನೆ ಮಲಗಿದ್ದರೂ ನಿನ್ನ ದೇಹಕ್ಕೆ ದಿನಕ್ಕೆ ಬೇಕಾಗುವುದು ಹೆಚ್ಚುಕಡಿಮೆ ಇಷ್ಟು. ಇದಕ್ಕೆ ಮಿಫ್ಲಿನ್ ಸೂತ್ರ ಅನ್ನುತ್ತಾರೆ. ಕೂತು ಮಾಡುವ ಕೆಲಸ ಸೇರಿದರೆ ಸುಮಾರು 1900. ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇದೆ. ಊಟದಲ್ಲಿ ದಿನಕ್ಕೆ 350 ಕಡಿಮೆ ಮಾಡಿ, ನಡಿಗೆಯಲ್ಲಿ 200 ಖರ್ಚು ಮಾಡಿದರೆ ವಾರಕ್ಕೆ 3850 ಆಯಿತು, ಅಂದರೆ ಅರ್ಧ ಕೆ.ಜಿ. ಹತ್ತು ಕೆ.ಜಿ.ಗೆ ಐದಾರು ತಿಂಗಳು, ಕೊನೆಯ ಎರಡು ಕೆ.ಜಿ.ಗೆ ಇನ್ನೂ ಸ್ವಲ್ಪ ಹೆಚ್ಚು. ಎರಡು ತಿಂಗಳಲ್ಲಿ ಆಗಬೇಕೆಂದರೆ ದಿನಕ್ಕೆ 1300 ಕ್ಯಾಲೊರಿ ಕೊರತೆ ಬೇಕು. ಆಗ ತಿನ್ನಲು ಉಳಿಯುವುದು ಎಷ್ಟು ಅಂತ ನೀನೇ ಕಳೆದು ನೋಡು.

ಪೂರ್ತಿ ಹತ್ತು ಇಳಿಯುವವರೆಗೆ ಪ್ರಯೋಜನವೇ ಇಲ್ಲ ಅಂದುಕೊಳ್ಳಬೇಡ. ಈಗಿನ ತೂಕದ ಶೇ. 5 ಇಳಿದರೂ, ಅಂದರೆ ಮೂರೂವರೆ ಕೆ.ಜಿ.ಗೇ, ರಕ್ತದೊತ್ತಡ ಮತ್ತು ಸಕ್ಕರೆಯಲ್ಲಿ ಸುಧಾರಣೆ ಕಾಣುತ್ತದೆ. ತೂಕಕ್ಕಿಂತ ಸೊಂಟದ ಅಳತೆ ಹೆಚ್ಚು ಸತ್ಯ ಹೇಳುತ್ತದೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ ಟೇಪು ಹಿಡಿ, ಉಸಿರು ಬಿಟ್ಟ ಮೇಲೆ ಅಳೆ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಮಿತಿ. ನಮ್ಮವರಿಗೆ ತೂಕ ಕಡಿಮೆಯಿದ್ದರೂ ಹೊಟ್ಟೆಯೊಳಗೆ ಕೊಬ್ಬು ಹೆಚ್ಚು ಸೇರುತ್ತದೆ. ಅದಕ್ಕೇ ಬಿಎಂಐ (ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದ್ದು) 25ರ ಬದಲು 23 ದಾಟಿದರೇ ನಮ್ಮಲ್ಲಿ ಹೆಚ್ಚು ತೂಕ ಅಂತ ಲೆಕ್ಕ. ನಿನ್ನದು ಈಗ 28.

ಇನ್ನು ತಟ್ಟೆಯ ವಿಷಯ. ತೆಳ್ಳಗಾಗಬೇಕು ಅಂದ ಕೂಡಲೇ ಎಲ್ಲರೂ ಅನ್ನ ಬಿಡು ಅನ್ನುತ್ತಾರೆ, ಎಣ್ಣೆಯ ಮಾತು ಯಾರೂ ಎತ್ತುವುದಿಲ್ಲ. ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿ, ಒಂದು ಗ್ರಾಂ ಎಣ್ಣೆಯಲ್ಲಿ 9. ನೀವು ಮೂವರು ಹುಡುಗಿಯರಿಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಖರ್ಚಾಗುತ್ತದೆ ಅಂದೆ. ಅಂದರೆ ತಲೆಗೆ ದಿನಕ್ಕೆ 33 ಮಿ.ಲೀ., ಸುಮಾರು 270 ಕ್ಯಾಲೊರಿ. ಅದನ್ನು ಒಂದೂವರೆ ಲೀಟರಿಗೆ ಇಳಿಸಿದರೆ ಒಂದು ತುತ್ತು ಕಡಿಮೆ ಮಾಡದೆಯೇ ದಿನಕ್ಕೆ 135 ಕ್ಯಾಲೊರಿ ಹೋಯಿತು. ಅಡುಗೆಯವರಿಗೆ ಬರೀ "ಎಣ್ಣೆ ಕಡಿಮೆ ಹಾಕಿ" ಅಂದರೆ ಸಾಲದು, ಒಗ್ಗರಣೆ ಹಾಕುವಾಗ ಕೈ ತಾನಾಗಿ ಬಗ್ಗುತ್ತದೆ. ಒಂದೂವರೆ ಲೀಟರನ್ನು ಬೇರೆ ಬಾಟಲಿಗೆ ಸುರಿದಿಟ್ಟು, ತಿಂಗಳಿಗೆ ಇಷ್ಟೇ ಅಂತ ಹೇಳು. ಅಳತೆಗೆ ಟೀ ಚಮಚ ಇರಲಿ: ಒಂದು ಚಮಚಕ್ಕೆ ಸುಮಾರು 40 ಕ್ಯಾಲೊರಿ. ಒಬ್ಬರಿಗೆ ದಿನಕ್ಕೆ ಮೂರು ಚಮಚ, ಒಂದಿಷ್ಟು ಮೇಲೆ.

ರಾಗಿ ತಿಂದರೆ ತೂಕ ಇಳಿಯುತ್ತದೆ ಅನ್ನುವುದರ ಬಗ್ಗೆಯೂ ಹೇಳಬೇಕು. 50 ಗ್ರಾಂ ಅಕ್ಕಿಗೆ ಸುಮಾರು 175 ಕ್ಯಾಲೊರಿ, 50 ಗ್ರಾಂ ರಾಗಿ ಹಿಟ್ಟಿಗೆ 160. ವ್ಯತ್ಯಾಸ ಅಷ್ಟೇ. ರಾಗಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ: ನಾರು ಹೆಚ್ಚು, ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಇರುತ್ತದೆ, 100 ಗ್ರಾಮಿನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಅದನ್ನೇ ನೆಚ್ಚಿಕೊಂಡು ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ಉಂಡರೆ ಏನೂ ಇಳಿಯುವುದಿಲ್ಲ. ನಿನಗೆ 60 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಆಹಾರ ಮಾರ್ಗಸೂಚಿಯಲ್ಲಿ ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು ಅಂತಿದೆ. ನಮ್ಮ ಮನೆಗಳ ಊಟದಲ್ಲಿ ಅದು ಸುಲಭವಾಗಿ ಅರವತ್ತು ದಾಟುತ್ತದೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಸಂಜೆ ಮಂಡಕ್ಕಿ, ರಾತ್ರಿ ಮತ್ತೆ ಅನ್ನ, ಅದರ ಪಕ್ಕ ಒಂದು ಚಮಚ ಪಲ್ಯ! ನೀನು 1900ರಲ್ಲಿ 350 ಕಳೆದು 1550 ಕ್ಯಾಲೊರಿಯಲ್ಲಿ ಇರಬೇಕಾದವಳು. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ಬೇಯಿಸುವ ಮೊದಲಿನ ತೂಕ ದಿನಕ್ಕೆ 200 ಗ್ರಾಂ ಒಳಗಿರಲಿ. ಒಂದು ಅಡುಗೆ ತಕ್ಕಡಿ ತರಿಸಿ, ಎರಡು ವಾರ ತೂಗು. ಆಮೇಲೆ ಕಣ್ಣಳತೆಯೇ ಸರಿಯಾಗಿ ಕೂರುತ್ತದೆ.

ಕಡಿಮೆಯಾದ ಅನ್ನದ ಜಾಗಕ್ಕೆ ಕಾಳು, ಮೊಟ್ಟೆ, ಮೊಸರು, ತರಕಾರಿ ಬರಬೇಕು. ಹಾಗೇ ಖಾಲಿ ಬಿಟ್ಟರೆ ರಾತ್ರಿ ಹತ್ತಕ್ಕೆ ನಿಪ್ಪಟ್ಟಿನ ಡಬ್ಬ ಹುಡುಕುತ್ತೀಯ. ಪ್ರೋಟೀನ್ ದಿನಕ್ಕೆ 70ರಿಂದ 75 ಗ್ರಾಂ ಇಟ್ಟುಕೋ. ಬೆಳಿಗ್ಗೆ ಮೂರು ಇಡ್ಲಿ, ಒಂದು ಬಟ್ಟಲು ಸಾಂಬಾರು, ಬೇಯಿಸಿದ ಎರಡು ಮೊಟ್ಟೆ: ಅಲ್ಲಿಗೆ ಸುಮಾರು 20 ಗ್ರಾಂ. ಮಧ್ಯಾಹ್ನ ಮುದ್ದೆಗೆ 40 ಗ್ರಾಂ ಒಣಕಾಳಿನಷ್ಟು ಮೊಳಕೆ ಹುರಳಿಕಾಳಿನ ಸಾರು, ಸೊಪ್ಪಿನ ಪಲ್ಯ, 150 ಗ್ರಾಂ ಮೊಸರು: ಇನ್ನೊಂದು 20. ಹುರಳಿಯ ತಿಳಿಯನ್ನಷ್ಟೇ ಕುಡಿದು ಕಾಳು ಬಿಟ್ಟರೆ ಆಗದು, ಪ್ರೋಟೀನ್ ಇರುವುದು ಕಾಳಿನಲ್ಲಿ. ಸಂಜೆ 30 ಗ್ರಾಂ ಹುರಿಗಡಲೆ. ರಾತ್ರಿ ತೆಳ್ಳಗಿನ ಎರಡು ಚಪಾತಿ, ಒಣ ತೂಕದಲ್ಲಿ 25 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ ಅಥವಾ 70 ಗ್ರಾಂ ಪನೀರ್. ಸೋಯಾ ಬೇಸರವಾದ ದಿನ ಕೋಳಿ ಸಾರು ಮಾಡಿಕೋ, ತುಂಡು ಜಾಸ್ತಿ, ತೆಂಗಿನಕಾಯಿ ಮಸಾಲೆ ಕಡಿಮೆ. ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಇದೂ ಅದೇ ಮಾರ್ಗಸೂಚಿಯ ಅಳತೆ. ಸೌತೆಕಾಯಿ ಹೆಸರುಬೇಳೆ ಕೋಸಂಬರಿಯನ್ನು ಊಟಕ್ಕೆ ಮೊದಲೇ ಒಂದು ಬಟ್ಟಲು ತಿಂದುಬಿಡು, ಆಮೇಲೆ ಅನ್ನ ತಾನಾಗಿ ಕಡಿಮೆ ಹಿಡಿಸುತ್ತದೆ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ ಬರುತ್ತದೆ. ಮೊದಲ ವಾರ ಕಾಳು ಅರ್ಧ ಅಳತೆಯಲ್ಲಿ ಶುರು ಮಾಡು, ಚೆನ್ನಾಗಿ ನೆನೆಸು, ನೀರು ಕುಡಿ.

ಕಾಫಿ ಬಿಡು ಅನ್ನುವುದಿಲ್ಲ, ನಿನ್ನಿಂದ ಆಗದ ಮಾತು ಅದು. ಮೂರು ಲೋಟಕ್ಕೆ ಎರಡೆರಡು ಚಮಚ ಸಕ್ಕರೆ ಅಂದರೆ ಸುಮಾರು 30 ಗ್ರಾಂ, 120 ಕ್ಯಾಲೊರಿ. ಎರಡು ಲೋಟಕ್ಕೆ ಇಳಿಸು, ವಾರಕ್ಕೆ ಅರ್ಧ ಚಮಚದಂತೆ ಸಕ್ಕರೆ ತಗ್ಗಿಸು. ನಾಲಿಗೆ ತಿಂಗಳೊಳಗೆ ಒಪ್ಪುತ್ತದೆ. ಊಟವಾದ ತಕ್ಷಣ ಮಾತ್ರ ಕುಡಿಯಬೇಡ, ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಬಿಡು. ಬೆಳಿಗ್ಗೆಯ ಜೇನು ನಿಂಬೆ ನೀರು ಕೊಬ್ಬು ಕರಗಿಸುವುದಿಲ್ಲ, ಒಂದು ದೊಡ್ಡ ಚಮಚ ಜೇನಿನಲ್ಲೇ 60 ಕ್ಯಾಲೊರಿ ಇದೆ. ಜೀರಿಗೆ ನೀರು ರುಚಿಗೆ ಬೇಕಾದರೆ ಕುಡಿ.

ಸೋಮವಾರದಿಂದ ಶುಕ್ರವಾರದವರೆಗೆ ಅಚ್ಚುಕಟ್ಟಾಗಿದ್ದು ಶನಿವಾರ ಭಾನುವಾರ ಕೆಡುವವರೇ ಹೆಚ್ಚು. ಐದು ದಿನ 350ರಂತೆ ಉಳಿಸಿದ್ದು 1750. ಒಂದು ಬಿರಿಯಾನಿ, ಒಂದು ಬೆಣ್ಣೆ ದೋಸೆ, ತಂಪು ಪಾನೀಯ, ಐಸ್‌ಕ್ರೀಂ ಸೇರಿದರೆ ಎರಡೇ ದಿನದಲ್ಲಿ ಅದು ತೀರಿಹೋಗುತ್ತದೆ. ವಾರಕ್ಕೆ ಒಂದು ಹೊತ್ತು ಹೊರಗೆ ತಿನ್ನು, ನಿನಗೆ ಇಷ್ಟವಾದದ್ದನ್ನೇ ತಿನ್ನು, ಆದರೆ ಆ ಒಂದು ಹೊತ್ತು ಮಾತ್ರ. ಯುಗಾದಿಗೆ ಒಬ್ಬಟ್ಟು ಖಂಡಿತ ತಿನ್ನಬೇಕು. ಮರುದಿನ ಅದಕ್ಕೆ ಪ್ರಾಯಶ್ಚಿತ್ತ ಅಂತ ಉಪವಾಸ ಬೇಡ, ಮಾಮೂಲಿ ಊಟಕ್ಕೆ ವಾಪಸ್ ಬಾ.

ವ್ಯಾಯಾಮಕ್ಕೆ ಬರುತ್ತೇನೆ. ನಿನ್ನ ತೂಕಕ್ಕೆ ಒಂದು ಕಿ.ಮೀ. ನಡೆದರೆ ಸುಮಾರು 50 ಕ್ಯಾಲೊರಿ ಖರ್ಚು. 200ಕ್ಕೆ ನಾಲ್ಕು ಕಿ.ಮೀ., ಚುರುಕಾಗಿ ನಡೆದರೆ 45 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮೊದಲ ವಾರ 20 ನಿಮಿಷ ಸಾಕು, ವಾರಕ್ಕೆ ಐದು ನಿಮಿಷದಂತೆ ಏರಿಸು. ಮೊದಲ ದಿನವೇ ಓಡಲು ಹೋದರೆ ಮೊಣಕಾಲಿನ ಕೆಳಗೆ ಮುಂಗಾಲು ಮೂಳೆಯುದ್ದಕ್ಕೂ ನೋವು ಹಿಡಿದು ಹದಿನೈದು ದಿನ ಮನೆಯಲ್ಲಿ ಕೂರುತ್ತೀಯ. ಒಂದೇ ಸಲಕ್ಕೆ ಸಮಯ ಸಿಗದಿದ್ದರೆ ಮೂರು ಊಟದ ನಂತರ ಹದಿನೈದು ಹದಿನೈದು ನಿಮಿಷ ಮಾಡು, ಊಟವಾದ ಮೇಲೆ ಸಕ್ಕರೆ ಏರುವುದೂ ತಗ್ಗುತ್ತದೆ.

ಆದರೆ ಬರೀ ನಡಿಗೆ ಸಾಲದು. ಸ್ನಾಯು ಉಳಿಯಬೇಕಾದರೆ ಅದಕ್ಕೆ ಭಾರದ ಕೆಲಸ ಕೊಡಲೇಬೇಕು. ಹೆಂಗಸರು ಭಾರ ಎತ್ತಿದರೆ ಗಂಡಸರ ಹಾಗೆ ಆಗುತ್ತಾರೆ ಅನ್ನುವುದನ್ನು ನಂಬಬೇಡ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಅರ್ಧ ಗಂಟೆ. ಕುರ್ಚಿಯ ಮುಂದೆ ನಿಂತು ಕೂತೇಳುವ ಬೈಠಕ್ 10, ಅಡುಗೆ ಕಟ್ಟೆಗೆ ಕೈಯೂರಿ ದಂಡ 8, ಬ್ಯಾಗಿಗೆ ಐದು ಕೆ.ಜಿ. ಅಕ್ಕಿ ಹಾಕಿ ಮುಂದಕ್ಕೆ ಬಾಗಿ ಹೊಟ್ಟೆಯ ಕಡೆಗೆ ಎಳೆಯುವುದು ಪ್ರತಿ ಕೈಗೆ 10, ಅಂಗಾತ ಮಲಗಿ ಮೊಣಕಾಲು ಮಡಚಿ ಸೊಂಟ ಎತ್ತುವುದು 12, ಮೊಣಕೈ ಮತ್ತು ಕಾಲ್ಬೆರಳು ಊರಿ ಮೈ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ 20 ಸೆಕೆಂಡು. ಇದು ಒಂದು ಸುತ್ತು. ಒಂದೂವರೆ ನಿಮಿಷ ಸುಧಾರಿಸಿಕೊಂಡು, ಹೀಗೆ ಮೂರು ಸುತ್ತು. ಬೈಠಕ್‌ನಲ್ಲಿ ಮಂಡಿಗಳು ಒಳಕ್ಕೆ ಬಾಗದೆ ಕಾಲ್ಬೆರಳ ದಿಕ್ಕಿಗೇ ಇರಲಿ, ಹಿಮ್ಮಡಿ ನೆಲ ಬಿಡಬಾರದು. ದಂಡದಲ್ಲಿ ಸೊಂಟ ಜೋತುಬಿದ್ದರೆ ಬೆನ್ನು ಹಿಡಿಯುತ್ತದೆ. ಅಕ್ಕಿ ಬ್ಯಾಗು ಎಳೆಯುವಾಗ ಬೆನ್ನು ಗೂನಾಗಬಾರದು. ಎತ್ತುವಾಗ ಉಸಿರು ಬಿಡು, ಬಿಗಿಹಿಡಿಯಬೇಡ. ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಬ್ಯಾಗಿಗೆ ಒಂದು ಲೀಟರ್ ನೀರಿನ ಬಾಟಲಿ ಸೇರಿಸು, ಒಂದು ಕೆ.ಜಿ. ಹೆಚ್ಚಾಯಿತು. ಮೂರು ತಿಂಗಳು ಅದೇ ಭಾರ ಅದೇ ಎಣಿಕೆ ಮಾಡಿದರೆ ದೇಹ ಅದಕ್ಕೆ ಒಗ್ಗಿಹೋಗಿ ಮುಂದೆ ಏನೂ ಆಗುವುದಿಲ್ಲ. ಹೊಟ್ಟೆ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಎಲ್ಲಿಂದ ಕರಗಬೇಕು ಅನ್ನುವುದು ನಮ್ಮ ಕೈಲಿಲ್ಲ.

ತೂಕವನ್ನು ವಾರಕ್ಕೆ ಮೂರು ದಿನ, ಬೆಳಿಗ್ಗೆ ಶೌಚದ ನಂತರ ನೋಡಿ ಸರಾಸರಿ ಬರೆದುಕೋ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ನೀರು ನಿಂತು ಒಂದೆರಡು ಕೆ.ಜಿ. ಹೆಚ್ಚು ತೋರಿಸಬಹುದು. ಆದ್ದರಿಂದ ಈ ತಿಂಗಳ ಮುಟ್ಟಿನ ನಂತರದ ವಾರವನ್ನು ಮುಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸು. ನಾಲ್ಕು ವಾರ ತೂಕವೂ ಸೊಂಟವೂ ಕದಲದಿದ್ದರೆ ಮಾತ್ರ ನಿಂತಿದೆ ಅಂತ ಅರ್ಥ. ಆಗ ಮೊದಲು ಎಣ್ಣೆ ಬಾಟಲಿ, ವಾರಾಂತ್ಯ, ಕಚೇರಿಯ ಬಿಸ್ಕತ್ತು ನೋಡು. ಅವೆಲ್ಲ ಸರಿಯಿದ್ದರೆ ಮೇಲಿನ ಸೂತ್ರ ಮತ್ತೆ ಹಾಕು. ಒಂದು ಕೆ.ಜಿ. ಇಳಿದಾಗಲೆಲ್ಲ ದೇಹದ ಅಗತ್ಯ 10 ಕ್ಯಾಲೊರಿಯಾದರೂ ತಗ್ಗುತ್ತದೆ, ಆರು ಇಳಿದ ಮೇಲೆ ಹಳೆಯ ಅಳತೆ ನಡೆಯುವುದಿಲ್ಲ. ಹತ್ತು ಗ್ರಾಂ ಹಿಟ್ಟು ತೆಗೆ, ಅರ್ಧ ಕಿ.ಮೀ. ಹೆಚ್ಚು ನಡೆ. ರಾತ್ರಿ ಒಂದರವರೆಗೆ ಫೋನ್ ನೋಡುವುದನ್ನು ನಿಲ್ಲಿಸು. ಏಳು ಗಂಟೆ ನಿದ್ದೆಯಿಲ್ಲದಿದ್ದರೆ ಮರುದಿನ ಹಸಿವು ಹಿಡಿತಕ್ಕೆ ಸಿಗುವುದಿಲ್ಲ.

ಶುರು ಮಾಡುವ ಮುಂಚೆ ಥೈರಾಯಿಡ್ ನೋಡುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೋ. ಥೈರಾಯಿಡ್ ಕಡಿಮೆಯಿದ್ದರೆ ಮಾತ್ರೆಯಿಲ್ಲದೆ ಒದ್ದಾಡಿ ಸೋಲಬಾರದು. ಮುಟ್ಟು 35 ದಿನ ದಾಟಿ ದಾಟಿ ಬರುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ಹೇಳು. ಪಿಸಿಓಡಿ, ಅಂದರೆ ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ, ಇದ್ದರೂ ಮೇಲೆ ಹೇಳಿದ ಊಟ ವ್ಯಾಯಾಮವೇ ಮೊದಲ ಚಿಕಿತ್ಸೆ. ಗೆಳತಿ ಹೇಳಿದಳು ಅಂತ ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಹಿಂದೆ ಹೋಗಬೇಡ. ಅದು ನಿಜವಾದ ಔಷಧಿ, ಕೆಲಸವನ್ನೂ ಮಾಡುತ್ತದೆ, ಆದ್ದರಿಂದಲೇ ವೈದ್ಯರು ನೋಡಿ ಬರೆದುಕೊಡಬೇಕು. ತಗೊಂಡರೂ ಪ್ರೋಟೀನ್ ಮತ್ತು ಭಾರದ ವ್ಯಾಯಾಮ ತಪ್ಪುವುದಿಲ್ಲ, ನಿಲ್ಲಿಸಿದರೆ ತೂಕ ಮರಳುವುದೂ ಸಾಮಾನ್ಯ. ಅಂತರ್ಜಾಲದ ಸ್ಲಿಮ್ಮಿಂಗ್ ಟೀ, ಪುಡಿ, ಬೆಲ್ಟು ಒಂದೂ ಬೇಡ.

ಹುರಳಿಕಾಳು ಎರಡು ಕೆ.ಜಿ., ಈ ಸಲದ ರಾಗಿ ಹಿಟ್ಟು ಮೂರು ಕೆ.ಜಿ. ಶುಕ್ರವಾರದ ಬಸ್ಸಿಗೆ ಹಾಕುತ್ತೇನೆ. ಹುರಳಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡು, ಮರುದಿನಕ್ಕೆ ಮೊಳಕೆ ಬರುತ್ತದೆ. ನಾಲ್ಕು ದಿನಕ್ಕಾಗುವಷ್ಟು ಒಟ್ಟಿಗೇ ಮಾಡಿ ಫ್ರಿಜ್‌ನಲ್ಲಿಟ್ಟರೂ ಕೆಡುವುದಿಲ್ಲ. ಈ ಭಾನುವಾರ ಸೊಂಟದ ಅಳತೆ ತೆಗೆದು ಕಳಿಸು.

ನಿನ್ನ ಅಮ್ಮ